ಫೆಲೋಶಿಪ್ ಯಂತ್ರ: ಬಳಕೆದಾರರ ಕೈಪಿಡಿ

ಈ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಮಿಕ್ಸಿ ಕೊಂಡಾಗ ಜೊತೆಗೆ ಬರುವ ಪುಸ್ತಕದ ಮೊದಲ ಸಾಲೂ ಇದೇ. ಆದರೆ ಮಿಕ್ಸಿಯನ್ನು ನೀವು ಆರಿಸುತ್ತೀರಿ. ಇಲ್ಲಿ ಮಿಕ್ಸಿ ನಿಮ್ಮನ್ನು ಆರಿಸಬೇಕು. ಅದಕ್ಕೂ ಮೊದಲು ಅದು ಇಬ್ಬರು ಗಣ್ಯರ ಶಿಫಾರಸು ಪತ್ರ, ಮೂರು ವರ್ಷದ ಐಟಿ ರಿಟರ್ನ್ಸು ಮತ್ತು 'ನನ್ನನ್ನೇ ಯಾಕೆ ರುಬ್ಬಬೇಕು' ಎಂಬ ವಿಷಯದ ಮೇಲೆ ಐನೂರು ಪದಗಳ ಪ್ರಬಂಧ ಕೇಳುತ್ತದೆ.

ಯಂತ್ರ ಸ್ವತಂತ್ರ ಚಿತ್ರ ನಿರ್ದೇಶಕರು ಮತ್ತು ಸ್ವತಂತ್ರ ಪತ್ರಕರ್ತರ ಗೃಹಬಳಕೆಗೆ ಮಾತ್ರ. ಸ್ವತಂತ್ರರು ಎಂದರೆ ಯಾರು? ನಾನು ಪತ್ರಿಕೆಯ ಕೆಲಸ ಬಿಟ್ಟು ಕ್ಯಾಮೆರಾ ಹೆಗಲಿಗೇರಿಸಿ ಸ್ವತಂತ್ರನಾದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲ ಕಣೋ, ಪಿಎಫ್ ಏನಾಯ್ತು?" ಇದಕ್ಕಿಂತ ಕರಾರುವಾಕ್ಕಾದ ವ್ಯಾಖ್ಯೆ ನನಗೆ ಇದುವರೆಗೆ ಎಲ್ಲೂ ಸಿಕ್ಕಿಲ್ಲ.

ಯಂತ್ರದ ಹಳೆಯ ಮಾದರಿಗಳು

ಇದೇನೋ ನಿನ್ನೆ ಮೊನ್ನೆ ಪರದೇಶದಿಂದ ಬಂದದ್ದು ಎಂದು ತಿಳಿಯಬೇಡಿ. ಕನ್ನಡದಲ್ಲಿ ಇದರ ದೊಡ್ಡ ಫಲಾನುಭವಿ ಪಂಪ. ದಾನಿ, ವೇಮುಲವಾಡದ ಚಾಲುಕ್ಯ ಅರಿಕೇಸರಿ. ಅನುದಾನ, ಧರ್ಮವುರವೆಂಬ ಅಗ್ರಹಾರ. ಕಾಲ, 941ರ ಆಸುಪಾಸು. ಕಥಾವಸ್ತು ಮಹಾಭಾರತವಾದ್ದರಿಂದ ಹಕ್ಕುಸ್ವಾಮ್ಯದ ತಕರಾರಿಲ್ಲ. ದಾನಿಯ ಹೆಸರನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆಗೆ ಪಂಪ ಕಂಡುಕೊಂಡ ಉತ್ತರವನ್ನು ಇವತ್ತಿನ ಯಾವ ಕಮ್ಯುನಿಕೇಶನ್ ಮ್ಯಾನೇಜರೂ ಮೀರಿಸಿಲ್ಲ. ಅರ್ಜುನನನ್ನೇ ಅರಿಕೇಸರಿ ಮಾಡಿಬಿಟ್ಟ. ಲೋಗೋ ಕೊನೆಯಲ್ಲಲ್ಲ, ಸೀದಾ ನಾಯಕನ ಹಣೆಯ ಮೇಲೆ. ಅದರ ಬಿಸಿ ಚಿತ್ರಕಥೆಗೂ ತಟ್ಟಿತು: ಪಂಪನ ದ್ರೌಪದಿ ಅರ್ಜುನನೊಬ್ಬನದೇ ಹೆಂಡತಿ. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಕಾರಣ ಕೊಟ್ಟಾರು. 'ಫಂಡರ್ ನೋಟ್ಸ್' ಎಂಬ ಮೇಲ್ ತೆರೆದು ನೋಡಿದ ಅನುಭವವಿರುವವರಿಗೆ ಕಾರಣ ಥಟ್ಟನೆ ಹೊಳೆಯುತ್ತದೆ. ಆದರೆ ಪಂಪ ಪಂಪನೇ. ಅಗ್ರಹಾರ ಅರಿಕೇಸರಿಯಿಂದ ಪಡೆದ. ತನ್ನ ಅತ್ಯುತ್ತಮ ಪದ್ಯಗಳಲ್ಲಿ ಕೆಲವನ್ನು ಎದುರು ಪಾಳಯದ ಕರ್ಣನಿಗೆ ಕೊಟ್ಟ. ದಾನಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದನೋ. ಎರಡರಲ್ಲಿ ಯಾವುದಾದರೂ ಅವನು ಒಳ್ಳೆಯ ದಾನಿ.

ಅವನಿಗಿಂತ ಒಳ್ಳೆಯವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳು. ಇವತ್ತು ಸಿನಿಮಾ ಮಾಡಲು ದುಡ್ಡು ಕೊಡುವವರು ಹತ್ತು ಮಂದಿ ಸಿಕ್ಕರೆ, ಮಾಡಿದ್ದನ್ನು ಜನರಿಗೆ ತಲುಪಿಸಲು ಕೊಡುವವರು ಒಬ್ಬರು ಸಿಗುವುದು ಕಷ್ಟ. ವಿತರಣೆಯ ಬಜೆಟ್ ಇಟ್ಟ ದಾನಿಗಳ ಚರಿತ್ರೆ ಬರೆದರೆ ಮೊದಲ ಅಧ್ಯಾಯ ಆಕೆಯದೇ ಆಗಬೇಕು.

ಹಳೆಯ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತಿತ್ತು, ಗಮನಿಸಿ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಅವನಿಗೆ ತಗಲುತ್ತದೆ ಎಂದೆಲ್ಲ. ಶಾಪ ಕಿತ್ತುಕೊಂಡವನ ಮೇಲಿತ್ತು, ದಾನ ಪಡೆದವನು ನಿಶ್ಚಿಂತ. ಈಗಿನ ಗ್ರ್ಯಾಂಟ್ ಅಗ್ರಿಮೆಂಟಿನ ಕೊನೆಯ ಪುಟವನ್ನು ಪಕ್ಕದಲ್ಲಿಟ್ಟು ಓದಿ. ವರದಿ ತಡವಾದರೆ, ಲೋಗೋ ಚಿಕ್ಕದಾದರೆ, ವೋಚರ್ ಕಳೆದರೆ, ಬಜೆಟ್ಟಿನ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಶೇ 10ಕ್ಕಿಂತ ಹೆಚ್ಚು ಹಣ ಸರಿದರೆ ಪೂರ್ತಿ ಮೊತ್ತ ವಾಪಸ್. ಹುಳುವಾಗಿ ಹುಟ್ಟುವವರು ಈಗ ನಾವು.

ಮಾಡೆಲ್ ಆಯ್ಕೆ

ಪೇಟೆಯಲ್ಲಿ ಸದ್ಯ ಸಿಗುವವು ಹಲವು.

ಸರ್ಕಾರಿ ಮಾಡೆಲ್ಲಿಗೆ ನಮ್ಮಲ್ಲಿ ಸಬ್ಸಿಡಿ ಎಂದು ಹೆಸರು. ಕರ್ನಾಟಕದಲ್ಲಿ ಅರವತ್ತರ ದಶಕದಿಂದ ಓಡುತ್ತಿದೆ. ವಾರ್ತಾ ಇಲಾಖೆ ವರ್ಷವರ್ಷವೂ ಚಿತ್ರಕ್ಕೆ ಇಷ್ಟು ಲಕ್ಷ ಎಂದು ಕೊಡುವ ಪದ್ಧತಿ ಬಂದ ಮೇಲೆ 'ಸಬ್ಸಿಡಿ ಸಿನಿಮಾ' ಎಂಬ ಹೊಸ ಪ್ರಕಾರವೇ ಕನ್ನಡದಲ್ಲಿ ಹುಟ್ಟಿತು. ಬಿಡುಗಡೆಯಾದ ವಾರ ನಾಲ್ಕು ಜನ ನೋಡಿದ, ಆ ನಾಲ್ವರಲ್ಲಿ ಇಬ್ಬರು ನಿರ್ಮಾಪಕರ ನೆಂಟರಾಗಿದ್ದ ಚಿತ್ರಗಳಿಗೆ ಗಾಂಧಿನಗರದಲ್ಲಿ ಆ ಹೆಸರು. ಒಳ್ಳೆಯ ಚಿತ್ರಗಳಿಗೂ ಇದೇ ಹಣ ಆಸರೆಯಾಗಿದೆ, ಇಲ್ಲವೆನ್ನುವುದಿಲ್ಲ. ತೊಡಕಿರುವುದು ಒಂದೇ ಕಡೆ: ಹಣ ಬರುವುದು ಚಿತ್ರ ಮುಗಿದ ಮೇಲೆ. ಊಟ ಮುಗಿಸಿ ಕೈ ತೊಳೆದವನಿಗೆ ಅಕ್ಕಿ ಅಳೆದುಕೊಡುವ ಕ್ರಮ ಇದು. ಊಟಕ್ಕೆ ಮೊದಲು ಸಾಲ ಎಲ್ಲಿ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ.

ದೇಶಿ ಸಂಸ್ಥೆಗಳ ಮಾಡೆಲ್ಲಿನಲ್ಲಿ ಬೆಂಗಳೂರಿನದೇ ಆದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಹುಟ್ಟಿದ್ದು. ಇಲ್ಲಿಗೆ ಕನ್ನಡದಲ್ಲೂ ಅರ್ಜಿ ಬರೆಯಬಹುದು ಎಂಬುದನ್ನು ಕೈಪಿಡಿ ದಪ್ಪಕ್ಷರದಲ್ಲಿ ಅಚ್ಚುಹಾಕಲು ಬಯಸುತ್ತದೆ, ಏಕೆಂದರೆ ಮಿಕ್ಕ ಬಹುತೇಕ ಕಡೆ ನಿಮ್ಮ ಊರಿನ ಕಥೆ ಮೊದಲು ಇಂಗ್ಲಿಷಿನ ಬಾಗಿಲಲ್ಲಿ ಕಾಲು ತೊಳೆದುಕೊಂಡೇ ಒಳಗೆ ಹೋಗಬೇಕು.

ವಿದೇಶಿ ಮಾಡೆಲ್ಲುಗಳಲ್ಲಿ ಚಿತ್ರದವರ ಬಾಯಲ್ಲಿ ಸದಾ ಇರುವುದು ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್. 1988ರಲ್ಲಿ ಶುರುವಾದದ್ದು. ಚೈತನ್ಯ ತಮ್ಹಾಣೆ 'ಕೋರ್ಟ್' ಬರೆಯುವಾಗ ಕೈ ಹಿಡಿದದ್ದು, ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್'ಗೆ ಒದಗಿದ್ದು ಅದೇ. ಪಾಯಲ್ ಅವರ ಚಿತ್ರಕ್ಕೆ ಫ್ರಾನ್ಸ್, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಇಟಲಿಗಳ ಹಣ ಸೇರಿ, ಚಿತ್ರ 2024ರಲ್ಲಿ ಕಾನ್‌ನ ಗ್ರ್ಯಾನ್ ಪ್ರಿ ಗೆದ್ದಿತು. ಊರಿಗೆ ಮರಳಿದರೆ, ಆಸ್ಕರ್‌ಗೆ ಭಾರತದ ಚಿತ್ರ ಆರಿಸಿದ ಸಮಿತಿಗೆ ಇದು ಭಾರತದಲ್ಲಿ ನಡೆಯುವ ಯುರೋಪಿನ ಸಿನಿಮಾದಂತೆ ಕಂಡಿತಂತೆ. ಅಂದರೆ ಬಳಕೆದಾರರು ನೆನಪಿಡಬೇಕಾದ್ದು: ದಾನಿಗೆ ನಿಮ್ಮ ಚಿತ್ರ ಸಾಕಷ್ಟು ಭಾರತೀಯವಾಗಿ ಕಾಣಬೇಕು, ದಾನ ಬಂದ ಮೇಲೆ ಭಾರತಕ್ಕೆ ಅದು ಸಾಕಷ್ಟು ಭಾರತೀಯವಾಗಿ ಉಳಿದಿರಬೇಕು. ನಡುವಿನ ದಾರಿ ಕೂದಲೆಳೆಯಷ್ಟು.

ಪತ್ರಕರ್ತರ ಪೈಕಿ ಹಳೆಯ ಹೆಸರು ಹಾರ್ವರ್ಡಿನ ನೀಮನ್. ಪತ್ರಿಕೆ ಕಟ್ಟಿದ ಗಂಡನ ನೆನಪಿಗೆ ಆಗ್ನೆಸ್ ನೀಮನ್ ಬಿಟ್ಟುಹೋದ ಆಸ್ತಿಯಿಂದ ಹುಟ್ಟಿ 1938ರಿಂದ ನಡೆಯುತ್ತಿದೆ. ಪದವಿಯಿಲ್ಲ, ಪರೀಕ್ಷೆಯಿಲ್ಲ, ಪತ್ರಕರ್ತ ಒಂದು ವರ್ಷ ಸುದ್ದಿಮನೆ ಬಿಟ್ಟು ಓದಿಕೊಂಡಿದ್ದರಾಯಿತು. ಸುದ್ದಿಮನೆಯ ಗೆಳೆಯರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಮೂಡುವ ಭಾವವನ್ನು ತಿರುಪತಿಯ ಸರದಿಯಲ್ಲಿ ಮಾತ್ರ ನೋಡಿದ್ದೇನೆ.

ಇವೆಲ್ಲಕ್ಕಿಂತ ಮೇಲಿನದು ಅರ್ಜಿಯೇ ಇಲ್ಲದ ಮಾಡೆಲ್. ಅಮೆರಿಕದ ಮೆಕಾರ್ಥರ್ ಫೆಲೋಶಿಪ್ಪಿಗೆ ನೀವು ಅರ್ಜಿ ಹಾಕುವಂತಿಲ್ಲ. ಅವರೇ ಗುಟ್ಟಾಗಿ ಹುಡುಕಿ ಒಂದು ದಿನ ಫೋನ್ ಮಾಡುತ್ತಾರೆ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್‌ಗೆ 1983ರಲ್ಲಿ ಬಂದದ್ದು ಹೀಗೆ. ಈ ಮಾಡೆಲ್ಲಿನ ಬಳಕೆಯ ವಿಧಾನ: ರಾಮಾನುಜನ್ ಆಗಿ. ಫೋನ್ ಚಾರ್ಜಿನಲ್ಲಿಡಿ.

ಜೋಡಣೆ

ಇನ್ನು ಅರ್ಜಿ. ಇದಕ್ಕೆ ಹತ್ತಾರು ಬಿಡಿಭಾಗಗಳಿದ್ದರೂ ಮುಖ್ಯವಾದದ್ದು ಲಾಗ್‌ಲೈನ್. ಅಂದರೆ ನಿಮ್ಮ ಇಡೀ ಚಿತ್ರವನ್ನು ಮೂವತ್ತು ಇಂಗ್ಲಿಷ್ ಪದಗಳಲ್ಲಿ ಹೇಳುವುದು. ನನ್ನದೇ ಉದಾಹರಣೆ ಕೊಡುತ್ತೇನೆ.

ನಾನು ಮಾಡಹೊರಟದ್ದು ಕೋಲಾರ ಜಿಲ್ಲೆಯ ಒಂದು ಊರಿನ ನೀರುಗಂಟಿಯ ಚಿತ್ರ. ನೀರುಗಂಟಿ ಎಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. ತೂಬು ಎತ್ತುವವನು ಅವನೇ, ಇಳಿಸುವವನೂ ಅವನೇ. ನೀರು ಕಮ್ಮಿಯಾದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಊರಗೌಡನೂ ಕಾಲುವೆಗೆ ಗುದ್ದಲಿ ಹಾಕುವಂತಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಒಂದು ಪಾಲು ಸಲ್ಲುತ್ತಿತ್ತು. ಅದಕ್ಕೆ ಆಯ ಎಂದು ಹೆಸರು. ನಾನು ಕಂಡ ತಾತನಿಗೆ ಎಪ್ಪತ್ತು ದಾಟಿತ್ತು. ಗದ್ದೆಗೆ ಇಳಿದು ಪಾದ ಊರಿ ನಿಲ್ಲುತ್ತಿದ್ದ. ನೀರು ಕಾಲಿನ ಹೆಬ್ಬೆರಳ ಉಗುರು ಮುಚ್ಚಿದರೆ ಸಾಕು, ಗಿಣ್ಣು ಮುಚ್ಚಿದರೆ ಜಾಸ್ತಿ. ನಲವತ್ತು ಎಕರೆಯನ್ನು ಆ ಒಂದು ಬೆರಳಿನಲ್ಲಿ ಅಳೆದವನು. ಆ ಬೆರಳನ್ನು ನೋಡಿಯೇ ನಾನು ಚಿತ್ರ ಮಾಡಬೇಕು ಅಂದುಕೊಂಡದ್ದು.

ಮೊದಲ ಲಾಗ್‌ಲೈನ್ ಕನ್ನಡದಲ್ಲಿ ಬರೆದೆ: 'ಒಬ್ಬ ಮುದುಕ ತೂಬು ಎತ್ತುತ್ತಾನೆ.' ನಾಲ್ಕು ಪದ. ಇಂತಹ ಅರ್ಜಿಗಳಲ್ಲಿ ಪಳಗಿದ ಗೆಳೆಯನೊಬ್ಬ ಓದಿ, "ಸಂಘರ್ಷ ಎಲ್ಲಿದೆ?" ಎಂದ. ತೂಬು ಬಿಗಿಯಾಗಿದೆ, ಎತ್ತುವುದು ಕಷ್ಟ ಎಂದೆ. ಅಷ್ಟು ಸಾಲದಂತೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಬರುತ್ತಿದೆಯಲ್ಲ, ಅದನ್ನು ಹಾಕು ಎಂದ. ಹಾಕಿದೆ. ಆಮೇಲೆ ಅವನು ಪೆನ್ನು ಇಸಿದುಕೊಂಡು 'ಮುದುಕ'ನನ್ನು 'ನೀರುಗಂಟಿ' ಮಾಡಿ, ಅದರ ಹಿಂದೆ ಒಂದು ಪದ ಸೇರಿಸಿದ: 'ಕೊನೆಯ'.

ಈ ಪದಕ್ಕೆ ಯಂತ್ರದಲ್ಲಿ ಇರುವ ಬೆಲೆ ಹೇಳತೀರದು. ಕೊನೆಯ ಟೂರಿಂಗ್ ಟಾಕೀಸು, ಕೊನೆಯ ತೊಗಲುಗೊಂಬೆಯಾಟದವನು, ಕೊನೆಯ ಕಂಬಳಿ ನೇಕಾರ. ಜಗತ್ತಿನ ಆಯ್ಕೆ ಸಮಿತಿಗಳ ಮೇಜಿನ ಮೇಲೆ ಭಾರತ ವರ್ಷಕ್ಕೆ ಎರಡು ಸಲ, ಅರ್ಜಿಯ ಕೊನೆಯ ದಿನಾಂಕಕ್ಕೆ ಸರಿಯಾಗಿ, ಮುಗಿದುಹೋಗುತ್ತಿರುತ್ತದೆ. ನಮ್ಮ ತಾತನಾದರೋ ಕೊನೆಯವನಲ್ಲ. ಅವನ ತಮ್ಮನ ಮಗ ಅದೇ ಕೆಲಸ ಮಾಡುತ್ತಿದ್ದ, ಪಕ್ಕದೂರಿನಲ್ಲಿ ಇನ್ನಿಬ್ಬರಿದ್ದರು. ತಾತನಿಗೆ ಹೇಳಿದೆ, ನಿನ್ನನ್ನು ಕೊನೆಯವನು ಅಂತ ಬರೆದಿದ್ದೀನಿ ಎಂದು. ಆತ ಸ್ವಲ್ಪ ಹೊತ್ತು ಯೋಚಿಸಿ, "ಆ ನನ್ ಮಕ್ಳಿಗೆ ತೂಬೆತ್ತೋಕ್ ಬರಲ್ಲ, ಬರ್ಕೋ" ಎಂದು ಒಪ್ಪಿಗೆ ಕೊಟ್ಟ. ಫಾರ್ಮಿನಲ್ಲಿ 'ಇನ್ಫಾರ್ಮ್‌ಡ್ ಕನ್ಸೆಂಟ್' ಎಂಬ ಚೌಕಕ್ಕೆ ಟಿಕ್ ಹಾಕಿದೆ.

ಮುಂದಿನ ಬಿಡಿಭಾಗ ಇಂಪ್ಯಾಕ್ಟ್. ಇಲ್ಲಿ ಚಿತ್ರ ಮುಗಿದ ಮೂರು ವರ್ಷದ ನಂತರ ಜಗತ್ತಿನಲ್ಲಿ ಏನು ಬದಲಾಗಿರುತ್ತದೆ ಎಂಬುದನ್ನು, ಒಂದು ಶಾಟ್ ಕೂಡ ತೆಗೆಯುವ ಮುನ್ನ, ಬರೆದುಕೊಡಬೇಕು. ಕೋಷ್ಟಕವಿರುತ್ತದೆ. ಎಡಗಡೆ 'ಚಟುವಟಿಕೆ', ಬಲಗಡೆ 'ಫಲಿತಾಂಶ'. ಕಥೆಯ ಕೊನೆಯನ್ನು ಹೇಳಿದವನಿಗೆ ಮಾತ್ರ ಕಥೆ ಹುಡುಕಲು ಬಸ್ ಚಾರ್ಜು. ಇದರ ಬಗ್ಗೆ ನನಗೆ ತಮಾಷೆ ಮಾಡಲು ಆಗುವುದಿಲ್ಲ. ಪಿ. ಸಾಯಿನಾಥ್ 1993ರಲ್ಲಿ ಟೈಮ್ಸ್ ಆಫ್ ಇಂಡಿಯಾದ ಫೆಲೋಶಿಪ್ ಪಡೆದು ಐದು ರಾಜ್ಯಗಳ ಹತ್ತು ಕಡುಬಡ ಜಿಲ್ಲೆಗಳಿಗೆ ಹೋದರು. ಹದಿನಾರು ಬಗೆಯ ವಾಹನ ಹತ್ತಿದರು, ಸುಮಾರು 5,000 ಕಿಲೋಮೀಟರ್ ನಡೆದರು, 84 ವರದಿ ಬರೆದರು. ಅದು ಪುಸ್ತಕವಾಗಿ, ಜಿ.ಎನ್. ಮೋಹನ್ ಅನುವಾದದಲ್ಲಿ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೂ ಬಂತು. ಹೊರಡುವ ಮುನ್ನವೇ ಆ 84 ವರದಿಗಳ ಫಲಿತಾಂಶದ ಕೋಷ್ಟಕ ತುಂಬಿಸಿಕೊಡಿ ಎಂದಿದ್ದರೆ ಅವರು ಮೊದಲನೇ ಜಿಲ್ಲೆಯನ್ನೂ ಮುಟ್ಟುತ್ತಿರಲಿಲ್ಲ. ಹದಿನಾರು ಬಗೆಯ ವಾಹನದಲ್ಲಿ ರಸೀದಿ ಕೊಡುವಂಥವು ಎಷ್ಟಿದ್ದವು ಎಂಬ ಪ್ರಶ್ನೆಯನ್ನು ಕೈಪಿಡಿ ಬಳಕೆದಾರರ ಕಲ್ಪನೆಗೆ ಬಿಡುತ್ತದೆ.

ನಾನು ಕೋಷ್ಟಕ ಹಿಡಿದು ತಾತನ ಬಳಿಗೇ ಹೋದೆ. ಈ ಸಿನಿಮಾ ಬಂದ ಮೂರು ವರ್ಷಕ್ಕೆ ಏನು ಬದಲಾಗಬೇಕು, ಹೇಳು ಎಂದೆ. ಏರಿಯ ಮೇಲೆ ಕೂತು ಬೀಡಿ ಹಚ್ಚಿದ ಅವನು ಕೆರೆಯನ್ನು ನೋಡಿದ, ನನ್ನನ್ನು ನೋಡಿದ. "ತೂಬಿನ ಕಟ್ಟಿಗೆ ಬದ್ಲಾಗ್ಬೇಕು. ಗೆದ್ಲು ಹಿಡ್ದದೆ." ಬಲಗಡೆಯ ಕಾಲಂನಲ್ಲಿ ನಾನು ಬರೆದದ್ದು: 'ಸಾಂಪ್ರದಾಯಿಕ ಜಲ ಆಡಳಿತದ ಮೂಲಸೌಕರ್ಯಗಳ ಪುನಶ್ಚೇತನ ಕುರಿತು ಸಮುದಾಯ ಸಂವಾದ.'

ವಿದ್ಯುತ್ ಸಂಪರ್ಕ

ಅರ್ಜಿ ಸಲ್ಲಿಸುವ ಕೊನೆಯ ಗಳಿಗೆ ಯುರೋಪಿನ ಮಧ್ಯರಾತ್ರಿ. ಚಳಿಗಾಲದಲ್ಲಿ ನಮ್ಮ ಗಡಿಯಾರದಲ್ಲಿ ಅದು ಬೆಳಗಿನ ಜಾವ ನಾಲ್ಕೂವರೆ. ಹಾಲಿನ ವ್ಯಾನು ಬರುವ, ಕರೆಂಟು ಹೋಗುವ ಹೊತ್ತು. ಸ್ಯಾಂಪಲ್ ವಿಡಿಯೋ ಶೇ 97ರಲ್ಲಿ ನಿಂತರೆ ಗಾಬರಿಯಾಗಬೇಡಿ. ಯುಪಿಎಸ್ಸಿನ ಬೀಪ್ ಸದ್ದು ಕೇಳುತ್ತಾ ದೇವರನ್ನು ನೆನೆಯಿರಿ. ಪಾಸ್‌ವರ್ಡ್ ಹಾಕಿದ ಲಿಂಕಿನ ಪಾಸ್‌ವರ್ಡ್ ಬರೆಯಲು ಮರೆತದ್ದು ನೆನಪಾಗುವುದು ಐದು ಗಂಟೆಗೆ.

ಎಚ್ಚರಿಕೆ: ವಿದೇಶಿ ವೋಲ್ಟೇಜ್

ವಿದೇಶಿ ಮಾಡೆಲ್ಲುಗಳನ್ನು ಮನೆಯ ಪ್ಲಗ್ಗಿಗೆ ನೇರ ಸಿಕ್ಕಿಸಬೇಡಿ. ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಈಗಿನದು 2010ರ ಆವೃತ್ತಿ. ಅದರ ಮೂರನೆಯ ಸೆಕ್ಷನ್ನಿನಲ್ಲಿ ವಿದೇಶಿ ಕೊಡುಗೆ ಪಡೆಯಲೇಬಾರದವರ ಪಟ್ಟಿಯಿದೆ. ಚುನಾವಣೆಗೆ ನಿಂತವರು, ನ್ಯಾಯಾಧೀಶರು, ಸರ್ಕಾರಿ ನೌಕರರು, ಶಾಸಕರು, ಜೊತೆಗೆ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ. ಪತ್ರಿಕೆಯ ಸಂಬಳ ಕಂಡು ಗೊತ್ತಿದ್ದವರು ನ್ಯಾಯಾಧೀಶರ ಸಾಲಿನಲ್ಲಿ ನಮ್ಮನ್ನು ಕೂರಿಸಿದ್ದು ನೋಡಿ ಹಿಗ್ಗಬೇಕು. ಅದರಲ್ಲೂ ವ್ಯಂಗ್ಯಚಿತ್ರಕಾರ! ಮಂತ್ರಿಯ ಮೂಗನ್ನು ಎರಡು ಇಂಚು ಉದ್ದ ಬರೆಯಲು ಯಾವುದೋ ಪರದೇಶ ಡಾಲರು ಕಳಿಸೀತು ಎಂದು ಕಾಯ್ದೆ ಬರೆದವರಿಗೆ ಹೊಳೆದಿತ್ತಲ್ಲ, ಈ ವೃತ್ತಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಅಕಾಡೆಮಿಯೂ ಮಾಡಿಲ್ಲ.

ಮಾಡಿದ ಕೆಲಸಕ್ಕೆ ಬರುವ ಸಂಬಳ, ಸಂಭಾವನೆ ಬೇರೆ, ಕೊಡುಗೆ ಬೇರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಹಿಡಿಯಿರಿ. ಅವರ ಫೀಸು ಬಜೆಟ್ಟಿನಲ್ಲಿ ಸೇರಿಸಲು ಮರೆತಿರುತ್ತೀರಿ. ಸಂಸ್ಥೆಗಳ ಮೂಲಕ ಹಣ ತರಿಸುತ್ತೇನೆ ಎನ್ನುವವರಿಗೆ 2020ರ ತಿದ್ದುಪಡಿಯಿದೆ: ದೇಶದ ಯಾವ ಮೂಲೆಯ ಸಂಸ್ಥೆಗೆ ವಿದೇಶಿ ಹಣ ಬರುವುದಾದರೂ ಅದು ಮೊದಲು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೆ. ಇಳಿದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ತಾತನಿಗೆ ಇದನ್ನು ವಿವರಿಸಿದಾಗ ಅವನಿಗೆ ತಕ್ಷಣ ಅರ್ಥವಾಯಿತು. ಇಡೀ ದೇಶಕ್ಕೆ ಒಂದೇ ತೂಬು. "ಆ ನೀರುಗಂಟಿ ಯಾರು?" ಎಂದು ಕೇಳಿದ.

ಯಂತ್ರ ಸದ್ದು ಮಾಡದಿದ್ದರೆ

ಹೆಚ್ಚಿನ ಸಲ ಮಾಡುವುದಿಲ್ಲ. ನಾಲ್ಕು ತಿಂಗಳ ಮೇಲೆ ಒಂದು ಮೇಲ್ ಬರುತ್ತದೆ. ಅದರಲ್ಲಿ 'ಈ ಬಾರಿ ಅಸಾಧಾರಣ ಸಂಖ್ಯೆಯ' ಎಂಬ ಮಾತು ಕಂಡರೆ ಮುಂದೆ ಓದುವ ಅಗತ್ಯವಿಲ್ಲ. ಪ್ರತಿ ಬಾರಿಯೂ ಅಸಾಧಾರಣ ಸಂಖ್ಯೆಯೇ. ಸಾಧಾರಣ ಸಂಖ್ಯೆಯ ಅರ್ಜಿ ಬಂದ ವರ್ಷವೊಂದು ಚರಿತ್ರೆಯಲ್ಲಿ ಇರಲೇಬೇಕು, ಆ ವರ್ಷ ನಾವು ಅರ್ಜಿ ಹಾಕಲಿಲ್ಲ.

ಯಂತ್ರವಿಲ್ಲದೆ ಕೈಯಲ್ಲೇ ರುಬ್ಬಿದವರಿದ್ದಾರೆ. ಸತ್ಯಜಿತ್ ರಾಯ್ ವಿಮಾ ಪಾಲಿಸಿ ಒತ್ತೆಯಿಟ್ಟರು, ಹೆಂಡತಿಯ ಒಡವೆ ಇಟ್ಟರು, ಆಮೇಲೆ ಪಶ್ಚಿಮ ಬಂಗಾಳ ಸರ್ಕಾರ ಕೈ ಹಿಡಿಯಿತು. 'ಪಥೇರ್ ಪಾಂಚಾಲಿ' ಎಂದರೆ ದಾರಿಯ ಹಾಡು. ಕಡತದಲ್ಲಿ ಹಣ ನಮೂದಾದದ್ದು ರಸ್ತೆ ಅಭಿವೃದ್ಧಿಯ ಲೆಕ್ಕಕ್ಕೆ. 1955ರಲ್ಲಿ ಚಿತ್ರ ಬಂತು. ಸರ್ಕಾರ ಹಾಕಿಸಿದ ರಸ್ತೆಗಳಲ್ಲಿ ಇಷ್ಟು ವರ್ಷ ಗುಂಡಿ ಬೀಳದೆ ಉಳಿದದ್ದು ಅದೊಂದೇ ಇರಬೇಕು. ಶ್ಯಾಮ್ ಬೆನಗಲ್ ಅವರ 'ಮಂಥನ್'ಗೆ 1976ರಲ್ಲಿ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದರು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯ. ಐದು ಲಕ್ಷ ನಿರ್ಮಾಪಕರಲ್ಲಿ ಒಬ್ಬರೂ ದ್ರೌಪದಿಯ ಮದುವೆಯ ವಿಷಯದಲ್ಲಿ ನೋಟ್ಸ್ ಕಳಿಸಲಿಲ್ಲ. ಕನ್ನಡದಲ್ಲಿ ಪವನ್ ಕುಮಾರ್ 'ಲೂಸಿಯಾ'ಕ್ಕೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಎತ್ತಿದ್ದು 27 ದಿನದಲ್ಲಿ. ಅಸ್ಸಾಮಿನ ರೀಮಾ ದಾಸ್ ಯಾರನ್ನೂ ಕೇಳದೆ, ತಾನೇ ಕ್ಯಾಮೆರಾ ಹಿಡಿದು, ತಾನೇ ಎಡಿಟ್ ಮಾಡಿ 'ವಿಲೇಜ್ ರಾಕ್‌ಸ್ಟಾರ್ಸ್' ಮುಗಿಸಿದರು. ಇವನ್ನೆಲ್ಲ ಓದಿ ಹುಮ್ಮಸ್ಸಿನಲ್ಲಿ ಹೆಂಡತಿಯ ಒಡವೆಯ ಕಡೆ ನೋಡುವವರು, ರಾಯ್ ಆಗ ಕೀಮರ್ ಎಂಬ ಜಾಹೀರಾತು ಕಂಪನಿಯಲ್ಲಿ ಸಂಬಳದ ಕೆಲಸದಲ್ಲಿದ್ದರು ಎಂಬುದನ್ನೂ ಓದಿಕೊಳ್ಳಬೇಕು.

ಯಂತ್ರ ಓಡಿದರೆ

ನನ್ನದು ಓಡಿತು. ಏಳನೆಯ ಅರ್ಜಿ, ದೇಶದ್ದೇ ಒಂದು ಸಂಸ್ಥೆ, ಹೆಸರು ಬೇಡ. ಹಣ ಮೂರು ಕಂತಿನಲ್ಲಿ: ನಲವತ್ತು, ನಲವತ್ತು, ಇಪ್ಪತ್ತು. ಕೊನೆಯ ಇಪ್ಪತ್ತು ಎಲ್ಲ ಲೆಕ್ಕ ಒಪ್ಪಿಸಿದ ಮೇಲೆ. ಪ್ರತಿ ಕಂತಿನಲ್ಲೂ ಟಿಡಿಎಸ್ ಶೇ 10 ಹಿಡಿದು ಮಿಕ್ಕಿದ್ದು. ತಾತನಿಗೆ ಹೇಳಿದರೆ, "ಆಯಾನೂ ಸುಗ್ಗಿ ಆದ್ಮೇಲೇ ಕೊಡ್ತಿದ್ದುದ್ದು. ಬಿಲ್ ಕೇಳ್ತಿರ್ಲಿಲ್ಲ ಅಷ್ಟೆ" ಎಂದ.

ಬಜೆಟ್ಟಿನಲ್ಲಿ ಹಾರ್ಡ್‌ಡಿಸ್ಕಿಗೆ ದುಡ್ಡಿತ್ತು, ಕಲರ್ ಗ್ರೇಡಿಂಗಿಗೆ ಇತ್ತು, ಕ್ಯಾಮೆರಾದ ವಿಮೆಗೆ ಇತ್ತು. ತಾತನಿಗೆ ಇರಲಿಲ್ಲ. ಸಾಕ್ಷ್ಯಚಿತ್ರದ ಪಾತ್ರಧಾರಿಗೆ ಹಣ ಕೊಟ್ಟರೆ ಸತ್ಯ ಕೆಡುತ್ತದೆ ಎಂಬುದು ನಿಯಮ. ಹನ್ನೊಂದು ದಿನ ನಮ್ಮ ಹಿಂದೆ ಅಲೆದು, ತೂಬನ್ನು ಒಂದೇ ಮುಂಜಾನೆ ನಾಲ್ಕು ಸಲ ಎತ್ತಿ ಇಳಿಸಿ, ನಾಲ್ಕನೆಯ ಸಲಕ್ಕೆ ಭುಜ ಹಿಡಿದುಕೊಂಡು ಏರಿಯ ಮೇಲೆ ಕೂತುಬಿಟ್ಟವನಿಗೆ ಕೊಡದಿದ್ದರೆ ಏನು ಕೆಡುತ್ತದೆ ಎಂಬುದಕ್ಕೆ ನಿಯಮವಿಲ್ಲ. ಮೂರನೆಯ ಸಲದ್ದೇ ಚೆನ್ನಾಗಿತ್ತು. ನಾಲ್ಕನೆಯದು ಮೋಡ ಸರಿಯಲಿ ಎಂದು ನಾನು ಮಾಡಿಸಿದ್ದು. ಸಂಸ್ಥೆಯ ಕಚೇರಿಯಲ್ಲಿದ್ದ ಒಬ್ಬ ದಯಾಳು ಫೋನಿನಲ್ಲಿ ದನಿ ತಗ್ಗಿಸಿ ದಾರಿ ಹೇಳಿಕೊಟ್ಟರು. 'ಸ್ಥಳೀಯ ಸಲಹೆಗಾರರು' ಎಂಬ ಬಾಬ್ತಿದೆಯಲ್ಲ, ಅಲ್ಲಿ ಹಾಕಿ. ರಾಯ್‌ಗೆ ರಸ್ತೆ ಅಭಿವೃದ್ಧಿ, ನನಗೆ ಸ್ಥಳೀಯ ಸಲಹೆಗಾರ. ಹಾಗೆ ನಮ್ಮ ತಾತ ಜಲ ಸಲಹೆಗಾರನಾಗಿ 6,000 ರೂಪಾಯಿ ಪಡೆದ. ಐದು ಸಾವಿರ ದಾಟಿದ ರಸೀದಿಯಾದ್ದರಿಂದ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು. ಸ್ಟ್ಯಾಂಪು ನೆಕ್ಕಿ ಅಂಟಿಸಿದವನೂ ಅವನೇ. ನಾನು ಇಂಕ್ ಪ್ಯಾಡ್ ತೆಗೆದದ್ದು ನೋಡಿ ಸಿಟ್ಟಾದ. ಪೆನ್ನು ಕಿತ್ತುಕೊಂಡು, ಕನ್ನಡಕ ಒರೆಸಿ, ಸ್ಟ್ಯಾಂಪಿನ ಮೇಲೆ ಅಡ್ಡಕ್ಕೆ, ಪೋಸ್ಟ್ ಕಾರ್ಡಿನ ಅಕ್ಷರದಷ್ಟು ದಪ್ಪಗೆ, ಹೆಸರು ಬರೆದ. ಗಡಿಯ ಊರು, ತೆಲುಗಿನಲ್ಲಿ ಬರೆದ. ಹೆಸರಿನ ಹಿಂದೆ 'ನೀರುಗಂಟಿ' ಎಂದೂ ಸೇರಿಸಿದ.

ಚಿತ್ರ ಮುಗಿಯಿತು. 52 ನಿಮಿಷ. ಕೊನೆಯ ಕಂತಿಗೆ ಲೆಕ್ಕ ಕಳಿಸಿದೆ. ಮೂರು ವಾರಕ್ಕೆ ಮೇಲ್ ಬಂತು: 'ವೋಚರ್ ಸಂಖ್ಯೆ 41ರಲ್ಲಿನ ಸಹಿ ಪ್ರಾದೇಶಿಕ ಭಾಷೆಯಲ್ಲಿದೆ. ದಯವಿಟ್ಟು ಸಹಿಯ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿ.'

ಸಹಿಯನ್ನು ಅನುವಾದಿಸುವುದು ಹೇಗೆ ಎಂದು ಎರಡು ದಿನ ಯೋಚಿಸಿದೆ. ಹೆಸರಿಗೆ ಅನುವಾದವಿಲ್ಲ, ಅದನ್ನು ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಉಳಿದದ್ದು ನೀರುಗಂಟಿ. ಹಂಚುವವನು ಎಂದರೆ ಅಧಿಕಾರಿಯಾಗುತ್ತಾನೆ, ಕಾಯುವವನು ಎಂದರೆ ವಾಚ್‌ಮನ್ ಆಗುತ್ತಾನೆ. ಬೆರಳಿನ ವಿಷಯ ಬರೆಯಲು ಜಾಗವಿರಲಿಲ್ಲ. ಸುಸ್ತಾಗಿ 'ವಾಟರ್‌ಮ್ಯಾನ್' ಎಂದು ಬರೆದು ಕಳಿಸಿದೆ.

ಮರುದಿನವೇ ಉತ್ತರ ಬಂತು. ವಾಟರ್‌ಮ್ಯಾನ್ ಎಂಬುದು ಗ್ರಾಮ ಪಂಚಾಯಿತಿಯ ಹುದ್ದೆಯಾದ್ದರಿಂದ, ಸದರಿ ವ್ಯಕ್ತಿ ಪಂಚಾಯಿತಿಯಿಂದ ಈಗಾಗಲೇ ವೇತನ ಪಡೆಯುತ್ತಿದ್ದಾರೆಯೇ, ಹೌದಾದಲ್ಲಿ ಮೇಲಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಲಾಗಿದೆಯೇ ಎಂಬುದನ್ನು ಸ್ಪಷ್ಟಪಡಿಸಬೇಕು.

ತಾತನಿಗೆ ಫೋನ್ ಮಾಡಿ, ನಿನ್ನ ಮೇಲಧಿಕಾರಿ ಯಾರು ಎಂದು ಕೇಳಿದೆ. ಸಿಗ್ನಲ್ ಸರಿಯಿರಲಿಲ್ಲ. ಮಳೆ ಶುರುವಾಗಿದೆ, ಕೆರೆ ಕಡೆ ಹೋಗಬೇಕು, ಆಮೇಲೆ ಮಾಡು ಎಂದು ಇಟ್ಟುಬಿಟ್ಟ.